ಸೈಟಿಂಗ್ ಆಯ್ತಾ ಸಾರ್?

ಬೆಂಗಳೂರಿನವರಿಗೆ ಸೈಟು ಎಂದರೆ ಥರ್ಟಿ-ಫಾರ್ಟಿ. ಕಬಿನಿಯ ದಮ್ಮನಕಟ್ಟೆ ಗೇಟು ದಾಟಿದರೆ ಅದೇ ಮಾತಿಗೆ ಬಾಲ ಬೆಳೆದು ‘ಸೈಟಿಂಗ್’ ಆಗುತ್ತದೆ. ಆ ಬಾಲ ಹುಲಿಯದೇ ಆಗಿರಬೇಕು. ‘ಊಟ ಆಯ್ತಾ?’ ಎಂಬಷ್ಟೇ ಸಲೀಸಾಗಿ ಎದುರು ಜೀಪಿನವರು ‘ಸೈಟಿಂಗ್ ಆಯ್ತಾ?’ ಎನ್ನುತ್ತಾರೆ. ನೂರು ಜಿಂಕೆ ಕಂಡವರೂ ‘ಏನೂ ಇಲ್ಲಾರಿ’ ಎಂದು ಕೈಯಾಡಿಸುತ್ತಾರೆ. ಕಾಟಿ ಒಂದು ಟನ್ ತೂಗಿದರೂ ಇಲ್ಲಿ ಚಿಲ್ಲರೆಯೇ.

ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ರಾಯರೊಬ್ಬರು ಏಪ್ರಿಲ್‌ನ ಒಂದು ಬೆಳಗ್ಗೆ ಹೆಂಡತಿಯೊಂದಿಗೆ ಜೀಪು ಹತ್ತಿದ್ದು ಲೆಕ್ಕ ಹಾಕಿಕೊಂಡೇ. 2022ರ ಗಣತಿಯಂತೆ ರಾಜ್ಯದಲ್ಲಿ 563 ಹುಲಿಗಳಿವೆ. ಅಷ್ಟರಲ್ಲಿ ಒಂದು ಬಾರದೇ?

ಮುಕ್ಕಾಲು ಗಂಟೆ ಕಳೆದ ಮೇಲೆ ಡ್ರೈವರ್ ಎಂಜಿನ್ ಆರಿಸಿ, “ಕಾಲ್ ಬರ್ತಿದೆ ಸಾರ್” ಎಂದು ಪಿಸುಗುಟ್ಟಿದ. ರಾಯರು ಜೇಬು ಮುಟ್ಟಿಕೊಂಡರು. ಕರೆ ಬಂದದ್ದು ಮರದ ಮೇಲಿನ ಮುಸುವದಿಂದ, ಕೆಮ್ಮಿದಂಥ ಕೂಗು. ಮುಸುವ ಉದುರಿಸಿದ ಚಿಗುರನ್ನು ಜಿಂಕೆ ಕೆಳಗೆ ನಿಂತು ತಿನ್ನುತ್ತದೆ. ಮೇಲಿನದು ಕಂಡದ್ದನ್ನು ಕೂಗಿ ಹೇಳಿದರೆ, ಕೆಳಗಿನದು ಮೂಸಿ ತಿಳಿದದ್ದನ್ನು ಕೂಗುತ್ತದೆ. ಯಾವ ಜಾಮೀನೂ ಇಲ್ಲದೆ ನಡೆದಿರುವ ವ್ಯವಹಾರ!

ಜೀಪು ಹಾರಿತು. ಮೊದಲ ತಿರುವಿನಲ್ಲೇ ನಿಂತಿತು. ದಾರಿಯ ತುಂಬ ಆನೆಗಳು.

ಬೇಸಿಗೆಯಲ್ಲಿ ಹಿನ್ನೀರು ಇಳಿದು, ಮುಳುಗಿದ್ದ ನೆಲದಲ್ಲಿ ಹಸಿ ಹುಲ್ಲು ಎದ್ದಾಗ ಆನೆಗಳೆಲ್ಲ ಇಲ್ಲಿ ಸೇರುತ್ತವೆ. ಇದೇ ಕಾಕನಕೋಟೆಯ ಸೀಮೆಯಲ್ಲಿ 1971ರವರೆಗೂ ಖೆಡ್ಡಾ ನಡೆಸಿ ಅವನ್ನು ಹಿಡಿಯುತ್ತಿದ್ದರು. ಆ ದಿನ ಖೆಡ್ಡಾಕ್ಕೆ ಬಿದ್ದವರು ರಾಯರು. ಐದು ನಿಮಿಷ ಗಡಿಯಾರ ನೋಡಿದರು. ಹತ್ತನೆಯ ನಿಮಿಷಕ್ಕೆ, ಹಾರ್ನ್ ಹೊಡೆದರೆ ಹೇಗೆ ಎಂದು ಕೇಳಿದರು. ಡ್ರೈವರ್ ಅವರನ್ನೇ ಒಮ್ಮೆ ನೋಡಿದ, ಅಷ್ಟೆ.

ಹತ್ತಿರದ ಹೆಣ್ಣಾನೆ ಮುಂಗಾಲಿನಿಂದ ಹುಲ್ಲಿನ ಬುಡ ಒದ್ದು ಸಡಿಲಿಸಿ, ಸೊಂಡಿಲಲ್ಲಿ ಒಂದು ಹಿಡಿ ಕಿತ್ತಿತು. ಬೇರಿನ ಮಣ್ಣು ಹೋಗುವಂತೆ ಕಾಲಿಗೆ ಪಟಪಟ ಬಡಿದು ಬಾಯಿಗಿಟ್ಟುಕೊಂಡಿತು. ಮತ್ತೊಂದು ಹಿಡಿ, ಮತ್ತೆ ಪಟಪಟ. ದಿನಕ್ಕೆ 150 ಕೆ.ಜಿ. ಆಸುಪಾಸು ತಿನ್ನುವ ಪ್ರಾಣಿಗೆ ಯಾವ ಅವಸರವೂ ಇರಲಿಲ್ಲ. ಅದರ ಹೊಟ್ಟೆಯಡಿ ನಿಂತಿದ್ದ ಮರಿ ಸೊಂಡಿಲನ್ನು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಬೀಸುತ್ತಿತ್ತು.

“ರೀ, ದಂಟಿನ ಸೊಪ್ಪಿನ ಮಣ್ಣು ಕೊಡವೋದು ನಾನೂ ಹೀಗೇ ಅಲ್ವಾ?” ಎಂದರು ಆಕೆ.

ರಾಯರು ಉತ್ತರಿಸಲಿಲ್ಲ. ಆನೆಯೊಳಗಿಂದ ಎಲ್ಲೋ ದೂರದ ಗುಡುಗಿನಂಥ ಗುರುಗುರು ಹೊರಟಿತ್ತು. ಅದು ಕಿವಿಗಿಂತ ಮೊದಲು ಎದೆಗೆ ಕೇಳಿಸಿತು. ಅಳಿಯನಿಂದ ಕಡ ತಂದ ಕ್ಯಾಮೆರಾ ತೊಡೆಯ ಮೇಲೇ ಇತ್ತು. ಟೋಪಿ ಯಾವಾಗ ಕೈಗೆ ಬಂತೋ, ಚಪ್ಪಲಿ ಯಾವಾಗ ಕಾಲು ಬಿಟ್ಟಿತೋ ಅವರಿಗೇ ತಿಳಿಯದು. ಅರವತ್ತು ವರ್ಷದ ಅಭ್ಯಾಸ. ಗರ್ಭಗುಡಿಯೆದುರು ನಿಂತಂತಾದರೆ ಪಾದಗಳು ಯಾರ ಅಪ್ಪಣೆಗೂ ಕಾಯುವುದಿಲ್ಲ.

ಆನೆಗಳು ಸರಿದಾಗ ಡ್ರೈವರ್ ಕಳೆದ ಹೊತ್ತನ್ನೆಲ್ಲ ಒಂದೇ ಗೇರಿನಲ್ಲಿ ವಸೂಲು ಮಾಡಹೊರಟ. ಕೆರೆಯ ಬಳಿ ನಾಲ್ಕು ಜೀಪುಗಳಿದ್ದವು, ಹುಲಿ ಇರಲಿಲ್ಲ. ನೀರು ಕುಡಿದು ಈಗಷ್ಟೇ ಹೋಯಿತಂತೆ. ಪಕ್ಕದ ಜೀಪಿನವರು ಫೋಟೋ ತೋರಿಸಲು ಬಗ್ಗಿ, ಕನಿಕರದಿಂದ ಕೇಳಿದರು: “ಸೈಟಿಂಗ್ ಆಯ್ತಾ ಸಾರ್?”

ರಾಯರ ಮುಖ ಕಾಣಿಸಲಿಲ್ಲ. ಅವರು ಸೀಟಿನ ಕೆಳಗಿದ್ದರು.

“ಎಡಗಾಲಿಂದು ಸಿಗ್ತಾ ಇಲ್ಲ” ಎಂದಿತು ಒಳಗಿನ ದನಿ.