ಬಾಟಲಿ ಹಿಡಿದು ಅವರೆ ಮೇಳಕ್ಕೆ

ಹೊಟ್ಟೆ ತೊಳೆಯುವ ವ್ರತ ಹಿಡಿದವನು ಅವರೆಬೇಳೆ ಮೇಳಕ್ಕೆ ಹೋಗಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಅಂಥ ಗಿರಾಕಿಯೂ ಹುಟ್ಟಿಯಾನೆಂದು ಶಾಸ್ತ್ರಕಾರರಿಗೆ ಹೊಳೆದಿರಲಿಕ್ಕಿಲ್ಲ. ಆದರೆ ಚಳಿಗಾಲ ಬಂತೆಂದರೆ ಗೆಳೆಯರ ಗುಂಪು ಮೇಳಕ್ಕೆ ಹೋಗುವುದು ರೂಢಿ. ಹಾಗಾಗಿ ಉಪವಾಸಿಯೂ (ಹೆಸರು ಬೇಡ, ಸೋಮವಾರ ಅವನು ಆಫೀಸಿಗೆ ಹೋಗಬೇಕು) ಬಾಟಲಿ ಸಮೇತ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದ. ಮೇಳ ಮೊದಲಿನಂತೆ ವಿ.ವಿ.ಪುರದ ತಿಂಡಿ ಬೀದಿಯಲ್ಲೇ ಇದ್ದಿದ್ದರೆ ನೂಕುನುಗ್ಗಲಿನ ನೆಪ ಹೇಳಿ ಜಾರಿಕೊಳ್ಳಬಹುದಿತ್ತು.

ಬಾಟಲಿಯಲ್ಲಿದ್ದದ್ದು ಅಮೆರಿಕದ ಸ್ಟ್ಯಾನ್ಲಿ ಬರೋಸ್ ಎಂಬಾತ 1940ರ ದಶಕದಲ್ಲಿ ಕಂಡುಹಿಡಿದ ‘ಮಾಸ್ಟರ್ ಕ್ಲೆನ್ಸ್’. 1976ರಲ್ಲಿ ಅವನ ಪುಸ್ತಕ ಬಂತು. 2006ರಲ್ಲಿ ಗಾಯಕಿ ಬಿಯಾನ್ಸೆ ‘ಡ್ರೀಮ್‌ಗರ್ಲ್ಸ್’ ಚಿತ್ರಕ್ಕಾಗಿ ಇದನ್ನು ಕುಡಿದು ತೆಳ್ಳಗಾದ ಮೇಲೆ ಹೆಸರು ಊರೂರಿಗೆ ಹಬ್ಬಿತು. ನಿಂಬೆರಸ, ಮೇಪಲ್ ಸಿರಪ್, ಕೆಂಪು ಮೆಣಸಿನಪುಡಿ, ನೀರು. ದಿನಕ್ಕೆ 6ರಿಂದ 12 ಲೋಟ, ಕನಿಷ್ಠ 10 ದಿನ, ಅಗಿಯುವಂಥದ್ದು ಏನೂ ಇಲ್ಲ. ಬೆಳಗ್ಗೆ ಉಪ್ಪುನೀರು ಕುಡಿಯುವ ಕ್ರಮವೂ ಇದೆ. ಅದರ ಫಲಶ್ರುತಿಯನ್ನು ಊಟದ ಹೊತ್ತಿನಲ್ಲಿ ಓದುವವರಿರಬಹುದೆಂದು ಇಲ್ಲಿ ಬಿಟ್ಟಿದೆ. ಮೇಪಲ್ ಸಿರಪ್ಪಿನ ಬೆಲೆ ನೋಡಿ ಉಪವಾಸಿ ಬೆಲ್ಲ ಹಾಕಿದ್ದ. ಮೆಣಸಿನಪುಡಿ ಗಂಟಲು ಸುಟ್ಟಿದ್ದರಿಂದ ಕಾಳುಮೆಣಸಿಗೆ ಇಳಿದಿದ್ದ.

ಬ್ಯಾಂಕಿನ ಗೆಳೆಯ ಒಂದು ಗುಟುಕು ಇಳಿಸಿದ.

“ಲೋ, ಇದು ಪಾನಕ ಕಣೋ. ಏಲಕ್ಕಿ ಮರ್ತಿದೀಯ ಅಷ್ಟೇ.”

“ಪಾನಕ ಅಲ್ಲ, ಕ್ಲೆನ್ಸು.”

“ರಾಮನವಮಿಗೆ ಇನ್ನೂ ಟೈಮಿದೆ. ಇರಲಿ, ಕೋಸಂಬರಿ ಎಲ್ಲಿ?”

ಅಲ್ಲಿಯವರೆಗೆ ಮರ್ಯಾದೆ ಇತ್ತು. “ನಿಂಗೆ ಹೇಗೂ ಕೈ ಖಾಲಿ, ಹಿಡ್ಕೊಂಡಿರು” ಎಂದು ವಕೀಲೆ ಗೆಳತಿ ತನ್ನ ಅವರೆಬೇಳೆ ದೋಸೆಯ ತಟ್ಟೆಯನ್ನು ಅವನ ಎಡಗೈಗೆ ದಾಟಿಸಿ ಚಟ್ನಿ ತರಲು ಹೋದಳು. ಅದನ್ನೇ ಕಾಯುತ್ತಿದ್ದವನಂತೆ ಬ್ಯಾಂಕಿನವನು ಬಲಗೈಗೆ ತುಪ್ಪ ಸುರಿದ ಹೋಳಿಗೆ ಕೊಟ್ಟು ಕೂಪನ್ನಿನ ಸಾಲಿಗೆ ಓಡಿದ. ಬಾಟಲಿ ಕಂಕುಳಿಗೆ ಹೋಯಿತು. ಈಗ ಶುರುವಾಯಿತು ನೋಡಿ. ದೋಸೆಯ ಮೇಲೆ ಹಸಿರಾಗಿ ಕೂತಿದ್ದ ಬೇಳೆಗಳಲ್ಲಿ ಒಂದು ಬೆಣ್ಣೆಯ ಜೊತೆ ಜಾರುತ್ತ ತಟ್ಟೆಯ ಅಂಚಿಗೆ ಬಂತು. ಬಿದ್ದರೆ ಅನ್ನ ಚೆಲ್ಲಿದ ಪಾಪ. ಬಾಯಿಂದ ತಡೆದರೆ ವ್ರತಭಂಗ. ಅವನು ಎಡಗೈಯನ್ನು ಕೊಂಚ ಎತ್ತಿದ; ಬೇಳೆ ನಿಂತಿತು, ಆದರೆ ಬಲಗಡೆ ಹೋಳಿಗೆಯ ತುಪ್ಪ ಹೆಬ್ಬೆರಳಿಗೆ ಹರಿಯಿತು. ಬಲಗೈ ಎತ್ತಿದ, ಬೇಳೆ ಮತ್ತೆ ಹೊರಟಿತು. ತಕ್ಕಡಿಯಂತೆ ಏರಿಳಿಯುತ್ತಿದ್ದ ಅವನ ಮುಂದೆ ಮಂಕಿಟೋಪಿಯ ಹಿರಿಯರೊಬ್ಬರು ಬಂದು ನಿಂತರು.

“ಹೋಳಿಗೆ ಎಷ್ಟಪ್ಪಾ?”

“ನಂದಲ್ಲ ಸಾರ್.”

“ಮತ್ತೆ ಯಾರದ್ದು?”

“ಫ್ರೆಂಡ್‌ದು.”

“ದೋಸೆ?”

“ಅದೂ ಫ್ರೆಂಡ್‌ದು.”

ಹಿರಿಯರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಸಂಬಳ ಕೊಡ್ತಾರಾ?” ಎಂದು ಕೇಳಿ ಮುಂದೆ ಹೋದರು. ಆ ಗಳಿಗೆಯಲ್ಲಿ ಬೇಳೆ ಬಿತ್ತು. ನೆಲಕ್ಕಲ್ಲ, ಮುಂದಿನ ಲೋಟ ಎಷ್ಟು ಹೊತ್ತಿಗೆಂದು ಅವನು ಗಳಿಗೆಗೊಮ್ಮೆ ನೋಡುತ್ತಿದ್ದ ಕೈಗಡಿಯಾರದ ಗಾಜಿನ ಮೇಲೆ. ವಾಪಸು ಬಂದ ವಕೀಲೆ ಅದನ್ನು ಅಲ್ಲಿಂದಲೇ ಹೆಕ್ಕಿ ಬಾಯಿಗೆ ಹಾಕಿಕೊಂಡು, “ಸೊಗಡು ಅಂದ್ರೆ ಇದು!” ಎಂದಳು.

ಕಾಲೇಜಿನಲ್ಲಿ ವಿಜ್ಞಾನ ಪಾಠ ಮಾಡುವ ಗೆಳೆಯ ಲೆಕ್ಕ ಹಾಕಿದ. ಆಘ್ರಾಣವೇ ಅರ್ಧ ಭೋಜನವಾದರೆ ಎರಡು ತಟ್ಟೆ ಮೂಸಿದವನದು ಪೂರ್ತಿ ಊಟ. ನಗೆಯಾಡಿದರೂ ಮೇಷ್ಟರ ಬಳಿ ಆಧಾರವಿತ್ತು. 1904ರಲ್ಲಿ ನೊಬೆಲ್ ಪಡೆದ ಪಾವ್ಲೊವ್, ನಾಯಿ ನುಂಗಿದ್ದು ಹೊಟ್ಟೆ ಸೇರದೆ ಕತ್ತಿನಲ್ಲೇ ಹೊರಬೀಳುವಂತೆ ಮಾಡಿಯೂ ಜಠರರಸ ಸುರಿಯುವುದನ್ನು ತೋರಿಸಿದ್ದ. ತಿನಿಸನ್ನು ಕಂಡರೂ ಸಾಕು, ಹೊಟ್ಟೆ ಕೆಲಸ ಶುರುಮಾಡುತ್ತದೆ. ಉಪವಾಸಿಯ ಹೊಟ್ಟೆ ಇದಕ್ಕೆ ಎಲ್ಲರಿಗೂ ಕೇಳುವಂತೆ ಹೂಂಗುಟ್ಟಿತು. “ಅಲ್ಲಯ್ಯ, ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸ್ತಾವೆ. ನಿನ್ನ ನಿಂಬೆಹಣ್ಣನ್ನ ಅವು ಕೇಳಿದ್ವಾ?”

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು, ಕೇಳದೆಯೇ ಬರುವ ತಪ್ಪೊಪ್ಪಿಗೆಗಳು. “ನಾನು ಬೆಳಗ್ಗೆಯಿಂದ ಏನೂ ತಿಂದಿಲ್ಲಪ್ಪ” ಎನ್ನುತ್ತ ಒಬ್ಬ ಜಿಲೇಬಿ ಮುರಿಯುತ್ತಾನೆ. “ನಾಳೆ ವಾಕಿಂಗ್ ಹೋಗ್ತೀನಿ” ಎನ್ನುತ್ತ ಇನ್ನೊಬ್ಬ ನಿಪ್ಪಟ್ಟಿಗೆ ಕೈಹಾಕುತ್ತಾನೆ. ಉಪವಾಸಿ ತುಟಿ ಬಿಚ್ಚಿಲ್ಲ. ಆದರೂ ಅವನು ಸುಮ್ಮನೆ ನಿಂತಿರುವುದೇ ಅವರಿಗೆ ಉಪದೇಶ. ಏಕಾದಶಿ ಮಾಡುವ ಅಜ್ಜಿಯನ್ನು ಯಾರೂ ಹೀಗೆ ಗೋಳು ಹೊಯ್ದುಕೊಳ್ಳುವುದಿಲ್ಲ. ಹರಿಯ ಹೆಸರಲ್ಲಿ ಹೊಟ್ಟೆ ಕಟ್ಟಿದರೆ ನಮಸ್ಕಾರ, ಲಿವರಿನ ಹೆಸರಲ್ಲಿ ಕಟ್ಟಿದರೆ ಊರೆಲ್ಲ ಡಾಕ್ಟರು!

“ಈ ಬರೋಸ್ ಮೇಲೆ ಕೇಸಿತ್ತು, ಗೊತ್ತಾ?” ವಕೀಲೆ ಕೈ ಒರೆಸಿಕೊಳ್ಳುತ್ತ ಕೇಳಿದಳು. ರಕ್ತದ ಕ್ಯಾನ್ಸರ್ ಇದ್ದ ಯುವಕನೊಬ್ಬನಿಗೆ ಅವನು ಇದೇ ಪಾನೀಯ ಕುಡಿಸಿ, ಹೊಟ್ಟೆಗೆ ಬಲವಾಗಿ ಮಾಲೀಸು ಮಾಡಿದ್ದ. ಯುವಕ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1984ರಲ್ಲಿ ಕೊಲೆಯ ತೀರ್ಪನ್ನು ರದ್ದು ಮಾಡಿತಾದರೂ, ಪರವಾನಗಿಯಿಲ್ಲದೆ ವೈದ್ಯ ಮಾಡಿದ ಅಪರಾಧ ಹಾಗೇ ಉಳಿಯಿತು. ಯಾರಿಗೂ ಏನೂ ಹೇಳಲು ತೋಚಲಿಲ್ಲ. ಬ್ಯಾಂಕಿನವನೂ ಪಾನಕದ ಮಾತು ಬಿಟ್ಟ.

ಉಪವಾಸಿ ಬಾಟಲಿಯ ಮುಚ್ಚಳ ಬಿಗಿ ಮಾಡಿದ. ವ್ರತ ಬಿಡುವುದಕ್ಕೂ ಪುಸ್ತಕದಲ್ಲಿ ಕ್ರಮವಿದೆ: ಮೊದಲು ಕಿತ್ತಳೆ ರಸ, ಆಮೇಲೆ ತರಕಾರಿ ಸೂಪು. ಅವನ ಕಣ್ಣು ಹಿತಕಿದಬೇಳೆ ಸಾರು ಕುದಿಯುತ್ತಿದ್ದ ಮಳಿಗೆಯ ಮೇಲಿತ್ತು.

“ಅವರೆಕಾಯಿ ತರಕಾರಿ ತಾನೆ?”

“ಹಾಪ್‌ಕಾಮ್ಸ್‌ನಲ್ಲಿ ಮಾರ್ತಾರೆ” ಎಂದ ಮೇಷ್ಟ್ರು.

“ಹಂಗಿದ್ರೆ ಸಾರು ಸೂಪೇ ಆಯ್ತಲ್ಲ?”

“ವಾದ ನಿಲ್ಲುತ್ತೆ” ಎಂದಳು ವಕೀಲೆ. “ಆದ್ರೆ ಕಿತ್ತಳೆ ರಸ?”

ಬ್ಯಾಂಕಿನವನು ಆಗಲೇ ಕೂಪನ್ನಿನ ಸಾಲಿನಲ್ಲಿದ್ದ. ಅಲ್ಲಿಂದಲೇ ಕೂಗಿದ: “ಕಿತ್ತಳೆ ಆಮೇಲೆ ನೋಡ್ಕೊಳ್ಳೋಣ. ಮುದ್ದೆ ಒಂದೋ, ಎರಡೋ?”