ಶೂ ಸಂಭಾವಿತ, ಸಾಕ್ಸ್ ಬಡಪಾಯಿ

2007ರ ಜನವರಿಯಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷ ಪಾಲ್ ವುಲ್ಫೋವಿಟ್ಸ್ ತುರ್ಕಿಗೆ ಹೋಗಿದ್ದರು. ಎದಿರ್ನೆ ಊರಿನ ಸೆಲಿಮಿಯೆ ಮಸೀದಿ ನೋಡಲು ಬಂದವರು ಅಲ್ಲಿಯ ಪದ್ಧತಿಯಂತೆ ಶೂ ಬಿಚ್ಚಿದರು. ನೋಡಿದರೆ ಎರಡೂ ಹೆಬ್ಬೆರಳು ಸಾಕ್ಸಿನಿಂದ ಹೊರಗೆ ಇಣುಕುತ್ತಿವೆ! ಹದಿನಾರನೆಯ ಶತಮಾನದಲ್ಲಿ ಮಹಾಶಿಲ್ಪಿ ಸಿನಾನ್ ಕಟ್ಟಿದ ಗುಮ್ಮಟವನ್ನು ತಲೆಯೆತ್ತಿ ನೋಡಬೇಕಾಗಿದ್ದ ಕ್ಯಾಮೆರಾಗಳು ತಲೆತಗ್ಗಿಸಿ ನೆಲ ನೋಡಿದವು. ಬಡ ದೇಶಗಳಿಗೆ ಸಾಲ ಕೊಡುವ ಸಂಸ್ಥೆಯ ಯಜಮಾನರ ಹೆಬ್ಬೆರಳುಗಳು ದೇಶವಿದೇಶದ ಪತ್ರಿಕೆಗಳಲ್ಲಿ ಮೆರೆದವು. ನಗೆಪಾಟಲಾದದ್ದು ಸಾಕ್ಸ್ ಮತ್ತು ಸಾಹೇಬರು. ಕೃತ್ಯ ನಡೆದ ಸ್ಥಳವಾದ ಶೂಗಳಿಗೆ ಮಾತ್ರ ಯಾವ ಕಳಂಕವೂ ತಟ್ಟಲಿಲ್ಲ.

ಅವರಿಗೆ ಒಮ್ಮೆ ಒದಗಿದ ಈ ಪೇಚು ಕನ್ನಡನಾಡಿನ ಆಫೀಸು ಗಂಡಸರಿಗೆ ಆಗಾಗ ಒದಗುತ್ತಲೇ ಇರುತ್ತದೆ. ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಹೆಣ್ಣು ನೋಡುವ ಶಾಸ್ತ್ರ, ಕೈಸಾಲ ಕೇಳಲು ಹೋದ ನೆಂಟರ ಮನೆ, ಎಲ್ಲ ಕಡೆಯೂ ಹೊಸ್ತಿಲಾಚೆಯೇ ಪರೀಕ್ಷೆ. ಹೀಗಾಗಿ ತೂತು ಮರೆಸುವ ವಿದ್ಯೆ ಇಲ್ಲಿ ಚೆನ್ನಾಗಿ ಬೆಳೆದಿದೆ. ಮೊದಲನೆಯ ಪಟ್ಟು, ಸಾಕ್ಸಿನ ತುದಿಯನ್ನು ಮುಂದಕ್ಕೆಳೆದು ತೂತನ್ನು ಬೆರಳುಗಳ ಅಡಿಗೆ ಮಡಚಿಕೊಳ್ಳುವುದು. ಇದು ನಡುಮನೆ ದಾಟಿ ಸೋಫಾ ಮುಟ್ಟುವವರೆಗೆ ಬಾಳಿಕೆ ಬರುತ್ತದೆ. ಎರಡನೆಯದು, ಒಂದು ಕಾಲಿನ ಮೇಲೆ ಇನ್ನೊಂದನ್ನು ಇಟ್ಟು ವಿನಯವಾಗಿ ಕೂರುವುದು. ಎರಡು ಕಡೆಯೂ ತೂತಿದ್ದವರಿಗೆ ಇದು ಕೆಲಸಕ್ಕೆ ಬಾರದು. ಮೂರನೆಯದು, ಸಾಕ್ಸನ್ನೂ ಬಿಚ್ಚಿ ಶೂ ಒಳಗೆ ತುರುಕಿ, "ಏನ್ ಸೆಕೆ ನೋಡಿ" ಎನ್ನುತ್ತಾ ಬರಿಗಾಲಲ್ಲಿ ಒಳಗೆ ಬರುವುದು. ಮಡಿಕೇರಿಯ ಡಿಸೆಂಬರಿನಲ್ಲಿ ಈ ಮಾತು ನಡೆಯುವುದಿಲ್ಲ.

ಮನೆಗೆ ಮರಳಿದ ಮೇಲೆ ವಿಚಾರಣೆ.

"ಉಗುರು ತೆಗೀರಿ ಅಂತ ಎಷ್ಟು ಸಲ ಹೇಳೋದು?" ಎನ್ನುತ್ತಾಳೆ ಹೆಂಡತಿ.

"ಉಗುರಿಂದಲ್ಲ ಕಣೇ, ಈಗ ಬರೋ ಸಾಕ್ಸೇ ಕಳಪೆ" ಎನ್ನುತ್ತಾನೆ ಗಂಡ.

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ಶೂವನ್ನು ಸಾಕ್ಷಿಯಾಗಿಯೂ ಯಾರೂ ಕರೆಯುವುದಿಲ್ಲ.

ಕರೆದು ವಿಚಾರಿಸಿದರೆ ಸಂಗತಿ ಬಯಲಾಗುತ್ತದೆ. ಪಾದ ಮೆತ್ತಗಿನದು, ನಡೆಯುವಾಗ ಹರಡುತ್ತದೆ, ಬಾಗುತ್ತದೆ, ಉದ್ದವಾಗುತ್ತದೆ. ಶೂ ಗಡುಸಿನದು, ತನ್ನ ಆಕಾರ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈ ಇಬ್ಬರ ತಿಕ್ಕಾಟದ ನಡುವೆ ತೆಳ್ಳಗಿನ ಒಂದು ಹೆಣಿಗೆ ಬಟ್ಟೆ. ಹೆಜ್ಜೆ ಊರಿದಾಗ ಅದರ ಮೇಲೆ ಮೈಭಾರಕ್ಕಿಂತ ತುಸು ಹೆಚ್ಚೇ ಒತ್ತಡ ಬೀಳುತ್ತದೆ, ಓಡಿದರೆ ಎರಡು ಮೂರು ಪಟ್ಟು. ಹೆಜ್ಜೆ ಎತ್ತಿದಾಗ ಹಿಮ್ಮಡಿ ಶೂ ಒಳಗೆ ಮೇಲಕ್ಕೆ ಜಾರಿ, ಊರಿದಾಗ ಮತ್ತೆ ಕೆಳಕ್ಕಿಳಿಯುತ್ತದೆ. ಒಂದು ಕಿಲೋಮೀಟರ್ ನಡಿಗೆಗೆ ಸುಮಾರು 1,300 ಹೆಜ್ಜೆ, ಅಂದರೆ ಒಂದೊಂದು ಕಾಲಿಗೆ 650. ಹಿಮ್ಮಡಿ ಬರೀ ಅರ್ಧ ಸೆಂಟಿಮೀಟರ್ ಏರಿ ಇಳಿದರೂ ಒಂದು ಕಿಲೋಮೀಟರಿಗೆ ಆರೂವರೆ ಮೀಟರ್ ಉಜ್ಜಾಟವಾಯಿತು. ಒಂದು ಸೀರೆಯ ಉದ್ದವನ್ನೂ ಮೀರಿತು. ಅಷ್ಟುದ್ದದ ಉಜ್ಜಾಟವೆಲ್ಲ ಅಂಗೈಯಗಲದ ಒಂದೇ ಜಾಗದಲ್ಲಿ.

ಒತ್ತುವ ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು ಎಂದು ಫ್ರಾನ್ಸಿನ ಗಿಯೋಮ್ ಅಮೊಂತೋ 1699ರಲ್ಲೇ ತೋರಿಸಿದ್ದ. 1953ರಲ್ಲಿ ಬ್ರಿಟನ್ನಿನ ಜಾನ್ ಆರ್ಚರ್ಡ್ ಸವೆತಕ್ಕೇ ಒಂದು ಸೂತ್ರ ಕೊಟ್ಟ: ಭಾರ ಹೆಚ್ಚಿದಷ್ಟೂ, ಜಾರಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು; ವಸ್ತು ಗಡುಸಾದಷ್ಟೂ ಕಡಿಮೆ. ಆತನ ಮುಂದೆ ಇದ್ದದ್ದು ಸಾಕ್ಸ್ ಅಲ್ಲ, ಲೋಹ. ಆದರೂ ಲೆಕ್ಕದ ತಿರುಳು ಇಲ್ಲಿಗೂ ಒಪ್ಪುತ್ತದೆ. ಬಿಗಿ ಶೂ ಭಾರವನ್ನು ಹೆಚ್ಚಿಸುತ್ತದೆ, ಸಡಿಲ ಶೂ ದೂರವನ್ನು. ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಸೈಜ್ ದೊಡ್ಡದನ್ನೇ ಕೊಡಿಸುವ ಅಪ್ಪ, ಇದೊಂದು ವರ್ಷ ನಡೆಯಲಿ ಎಂದು ಹಳೆಯದಕ್ಕೇ ಮಗುವಿನ ಕಾಲು ತುರುಕುವ ಅಮ್ಮ, ಇಬ್ಬರೂ ಸಾಕ್ಸಿನ ಪಾಲಿಗೆ ಒಂದೇ.

ತೂತು ಎಲ್ಲಿದೆ ಎಂದು ನೋಡಿ ಕಾರಣ ಹೇಳಬಹುದು. ಹೆಬ್ಬೆರಳ ಮೇಲ್ಭಾಗದಲ್ಲಿದ್ದರೆ ಹೆಂಡತಿಯ ಮಾತು ಗೆದ್ದಿತು. ಕಾಲನ್ನು ಮುಂದಕ್ಕೆ ಬೀಸುವಾಗ ತುದಿ ನೆಲಕ್ಕೆ ತಾಗಬಾರದೆಂದು ಮೊಣಕಾಲ ಕೆಳಗಿನ ಸ್ನಾಯುಗಳು ಹೆಬ್ಬೆರಳನ್ನು ಮೇಲಕ್ಕೆತ್ತುತ್ತವೆ. ಆಗ ಉಗುರು ಸಾಕ್ಸನ್ನು ಶೂವಿನ ಚಾವಣಿಗೆ ಒತ್ತಿ ಕೊರೆಯುತ್ತದೆ. ಕಾಲುಗುರು ಬೆಳೆಯುವುದು ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟು, ಕೈಯುಗುರಿನ ಅರ್ಧ ವೇಗ; ಅದಕ್ಕೇ ಅದರ ನೆನಪು ತಡವಾಗಿ ಬರುತ್ತದೆ. ಕತ್ತರಿಸಿ ಮೂಲೆಗಳನ್ನು ಉಜ್ಜದೆ ಬಿಟ್ಟ ಉಗುರಂತೂ ಇನ್ನೂ ಹರಿತ. ತೂತು ಹಿಮ್ಮಡಿಯ ಹಿಂಭಾಗದಲ್ಲಿದ್ದರೆ ಶೂ ಒಳಗೆ ಬೆರಳಾಡಿಸಿ ನೋಡಬೇಕು. ಲೇಸ್ ಬಿಚ್ಚದೆ, ಹಿಂಭಾಗವನ್ನು ತುಳಿದು ಕಾಲು ತೂರಿಸುವವರ ಶೂಗಳಲ್ಲಿ ಒಳಪದರ ಹರಿದು, ಅದರ ಹಿಂದಿನ ಗಟ್ಟಿ ರಟ್ಟಿನ ಅಂಚು ಈಚೆ ಬಂದಿರುತ್ತದೆ. ಅಲ್ಲಿಂದ ಮುಂದೆ ಎಷ್ಟು ಹೊಸ ಜೊತೆ ತಂದರೂ ಅಷ್ಟೂ ಅದಕ್ಕೆ ಆಹುತಿ. ಅಂಗಾಲು ತೆಳ್ಳಗಾಗಿದ್ದರೆ ಮಾತ್ರ ಶೂ ನಿರಪರಾಧಿ ಇರಬಹುದು: ಸಾಕ್ಸ್ ಹಾಕಿಕೊಂಡೇ ಮನೆ ತುಂಬ ಓಡಾಡುವ ಮಕ್ಕಳಿರುವ ಕಡೆ ತಾರಸಿಯ ಒರಟು ನೆಲವೇ ಅದನ್ನು ತಿಂದಿರುತ್ತದೆ.

ಬೆವರು, ದೂಳು ಬೇರೆ ಕೈಜೋಡಿಸುತ್ತವೆ. ಎರಡು ಪಾದಗಳಲ್ಲಿ ಸುಮಾರು ಎರಡೂವರೆ ಲಕ್ಷ ಬೆವರುಗ್ರಂಥಿಗಳಿವೆ. ಹಸಿಯಾದ ಚರ್ಮ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ; ಒಳಗೆ ಸೇರಿದ ಮಣ್ಣಿನ ಕಣ ಅರದ ಕೆಲಸ ಮಾಡುತ್ತದೆ. ಸಾಕ್ಸ್ ನೇಯ್ದ ಬಟ್ಟೆಯಲ್ಲ, ಒಂದು ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿ ಹೆಣೆದದ್ದು. ಒಂದು ಎಳೆ ಕಡಿದರೆ ಅಕ್ಕಪಕ್ಕದ ಕುಣಿಕೆಗಳೂ ಸಡಿಲವಾಗುತ್ತವೆ. ಬೆಳಿಗ್ಗೆ ಕಣ್ಣಿಗೇ ಬೀಳದಿದ್ದ ತೂತು ಸಂಜೆಗೆ ಇಡೀ ಹೆಬ್ಬೆರಳಿಗೆ ದಾರಿ ಬಿಡುವುದು ಹೀಗೆ.

ಈ ಹೆಣಿಗೆಯನ್ನು ಮೊದಲು ಯಂತ್ರಕ್ಕೆ ಕಲಿಸಿದವನು ಇಂಗ್ಲೆಂಡಿನ ವಿಲಿಯಂ ಲೀ, 1589ರಲ್ಲಿ. ಕೈಹೆಣಿಗೆಯವರ ಹೊಟ್ಟೆಗೆ ಕಲ್ಲು ಬೀಳುತ್ತದೆಂದು ಮೊದಲನೆಯ ಎಲಿಜಬೆತ್ ರಾಣಿ ಅವನಿಗೆ ಪೇಟೆಂಟ್ ಕೊಡಲಿಲ್ಲವಂತೆ. ಅವನು ಫ್ರಾನ್ಸಿಗೆ ಹೋಗಿ ಅಲ್ಲೇ ತೀರಿಕೊಂಡ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿ ನೈಲಾನ್ ಪ್ರಕಟಿಸಿತು. ಉಜ್ಜಾಟ ತಡೆದುಕೊಳ್ಳುವುದರಲ್ಲಿ ಹತ್ತಿ, ಉಣ್ಣೆ ಎರಡೂ ಅದರ ಮುಂದೆ ಸೋತವು. ಇಂದಿಗೂ ಒಳ್ಳೆಯ ಹತ್ತಿ ಸಾಕ್ಸಿನ ಹಿಮ್ಮಡಿ ಮತ್ತು ಬೆರಳ ತುದಿಯಲ್ಲಿ ನೈಲಾನ್ ಬೆರೆಸಿರುತ್ತಾರೆ. "ನೂರಕ್ಕೆ ನೂರು ಕಾಟನ್ ಕೊಡಿ" ಎಂದು ಪಟ್ಟು ಹಿಡಿದು ಕೊಂಡವರೇ ಬೇಗ ಮತ್ತೆ ಅಂಗಡಿಗೆ ಬರುತ್ತಾರೆ.

ಆಲ್ಬರ್ಟ್ ಐನ್‌ಸ್ಟೈನ್ ಈ ಸಮಸ್ಯೆಯನ್ನು ಬುಡದಿಂದಲೇ ಬಿಡಿಸಿದರು. ಹೆಬ್ಬೆರಳು ಹೇಗಿದ್ದರೂ ಸಾಕ್ಸ್ ತೂತು ಮಾಡುತ್ತದೆಂದು ಎಳೆಯ ವಯಸ್ಸಿನಲ್ಲೇ ಗೊತ್ತಾಗಿ, ಸಾಕ್ಸ್ ಹಾಕುವುದನ್ನೇ ಬಿಟ್ಟೆ ಎಂದು ಅವರು ಹೇಳಿಕೊಂಡದ್ದುಂಟು. ಅವರನ್ನು ಅನುಸರಿಸಹೊರಟವರ ಹಿಮ್ಮಡಿಯಲ್ಲಿ ಮಾತ್ರ ಬೊಬ್ಬೆ ಏಳುತ್ತದೆ. ಸಾಕ್ಸ್ ಇರುವಾಗ ಸವೆಯುವುದು ನೂಲು. ಇಲ್ಲದಾಗ ಅದೇ ಜಾಗದಲ್ಲಿ ಸವೆಯುವುದು ಚರ್ಮ. ದೂರದ ಓಟಗಾರರಿಗೆಂದು ಎರಡು ಪದರದ ಸಾಕ್ಸ್ ಮಾಡುವುದೂ ಇದಕ್ಕೇ. ಪದರಗಳು ತಮ್ಮತಮ್ಮಲ್ಲೇ ಉಜ್ಜಾಡಿಕೊಂಡು ಕಾಲಿನ ತಂಟೆಗೆ ಬರುವುದಿಲ್ಲ.

ರಷ್ಯದ ಸೈನಿಕರು ಇನ್ನೊಂದು ಜಾಣತನ ಕಂಡುಕೊಂಡಿದ್ದರು. ಅವರು ಸಾಕ್ಸ್ ಬದಲು ಪೋರ್ತ್ಯಾಂಕಿ ಎಂಬ ಉದ್ದನೆಯ ಬಟ್ಟೆತುಂಡನ್ನು ಪಾದಕ್ಕೆ ಸುತ್ತಿ ಬೂಟು ಹಾಕುತ್ತಿದ್ದರು. ಅದಕ್ಕೆ ಹಿಮ್ಮಡಿಯಿಲ್ಲ, ತುದಿಯಿಲ್ಲ. ಒಂದು ಕಡೆ ಸವೆದರೆ ನಾಳೆ ಇನ್ನೊಂದು ಕಡೆಯಿಂದ ಸುತ್ತಿದರಾಯಿತು. ಪೀಟರ್ ದೊರೆಯ ಕಾಲದಿಂದ ಬಂದ ಈ ಪದ್ಧತಿಗೆ ಕೊನೆ ಹಾಡಲು 2013ರಲ್ಲಿ ರಕ್ಷಣಾ ಸಚಿವ ಸೆರ್ಗೆಯ್ ಶೋಯ್ಗು ಆಜ್ಞೆ ಮಾಡಬೇಕಾಯಿತು. ಆ ಸೈನಿಕರೂ ಈಗ ಹೆಬ್ಬೆರಳ ಚಿಂತೆಗೆ ಬಿದ್ದಿರಬೇಕು.

ಶೂವಿಗಿಂತ ಸಾಕ್ಸ್ ಬೇಗ ಸವೆಯುವ ಲೆಕ್ಕ ಕರ್ನಾಟಕ ಸರ್ಕಾರಕ್ಕೂ ಚೆನ್ನಾಗಿ ಗೊತ್ತು. ಸರ್ಕಾರಿ ಶಾಲೆಯ ಮಕ್ಕಳಿಗೆಂದು 2015-16ರಲ್ಲಿ ಬಂದ ಶೂ ಭಾಗ್ಯ ಯೋಜನೆಯಲ್ಲಿ ಮಗುವಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್. ಒಂದು ಶೂ ಸವೆಯುವುದರೊಳಗೆ ಎರಡು ಸಾಕ್ಸ್ ಮುಗಿಯುತ್ತವೆ ಎಂಬುದು ಹೀಗೆ ಸರ್ಕಾರಿ ದಾಖಲೆಗೇ ಸೇರಿದೆ. ಮಲೆನಾಡಿನ ಮಳೆಯಲ್ಲಿ, ಬಯಲುಸೀಮೆಯ ಕೆಮ್ಮಣ್ಣಿನಲ್ಲಿ ಆ ಎರಡು ಜೊತೆ ಪರೀಕ್ಷೆಯವರೆಗೆ ಉಳಿದರೆ ಅದು ಮಗುವಿನ ತಾಯಿಯ ಸೂಜಿದಾರದ ಮಹಿಮೆ.

ಸಾಕ್ಸಿನ ತೂತಿಗೆ ಮದ್ದು ಇಲ್ಲದಿಲ್ಲ. ಉಗುರು ತೆಗೆದು ಮೂಲೆ ಉಜ್ಜುವುದು, ಲೇಸ್ ಬಿಚ್ಚಿ ಶೂ ಹಾಕುವುದು, ಒಳಪದರ ಹರಿದಿದ್ದರೆ ಶೂ ರಿಪೇರಿ ಅಂಗಡಿಯಲ್ಲಿ ಮೆತ್ತನೆಯ ತೊಗಲಿನ ತೇಪೆ ಹಾಕಿಸುವುದು. ತುದಿಯಲ್ಲಿ ತೂತು ಬೀಳುವ ಲಕ್ಷಣ ಕಂಡರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ಸವೆದ ಜಾಗ ಕಿರುಬೆರಳ ಕಡೆ ಹೋಗಿ ಇನ್ನಷ್ಟು ದಿನ ತಳ್ಳುತ್ತದೆ. ಒಂದೇ ಬಣ್ಣದ ಆರು ಜೊತೆ ಕೊಂಡರೆ ಒಂದು ಸತ್ತಾಗ ಇನ್ನೊಂದು ವಿಧುರನಾಗುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ತೂತಾದದ್ದನ್ನು ಬಿಸಾಡಲು ಮನೆಯವರು ಬಿಡುವುದಿಲ್ಲ. ಹಳೆಯ ಸಾಕ್ಸಿಗೆ ಕೈ ತೂರಿಸಿಕೊಂಡರೆ ಪಾಲಿಶ್ ಬೆರಳಿಗೆ ಹತ್ತುವುದಿಲ್ಲ ಎಂದು ಅದನ್ನು ಶೂ ಸ್ಟ್ಯಾಂಡಿನಲ್ಲೇ ಎತ್ತಿಡುತ್ತಾರೆ. ಮರುದಿನ ಬೆಳಿಗ್ಗೆ ಅದು, ತನ್ನನ್ನು ತೂತು ಮಾಡಿದ ಶೂವಿನ ಮುಖವನ್ನು ತಿಕ್ಕಿ ತಿಕ್ಕಿ ಹೊಳೆಯಿಸುತ್ತಿರುತ್ತದೆ.