ಡಬ್ಬಿ ಪುಡಿ, ಜೋಳದ ರೊಟ್ಟಿ
"ಯಾಕ್ರೀ ವೈನಿ, ಮುಂಜಾನಿಂದ ರೊಟ್ಟಿ ಬಡಿಯೋ ಸಪ್ಪಳಾನೇ ಇಲ್ಲ?"

"ಯಾರಿಗಂತ ಬಡೀಲಿ ತಂಗಿ? ನಿಮ್ಮ ಅಣ್ಣಾವ್ರು ಕೀಟೋ ಪಥ್ಯ ಹಿಡದಾರ. ನಾಕು ದಿನಾ ಆಯ್ತು, ತಲಿಬ್ಯಾನಿ ಅಂತ ಮಲಗ್ಯಾರ. ಪುಣೆದಿಂದ ಮಗ ಈ ಡಬ್ಬಿ ಕಳಿಸ್ಯಾನ, ಕುಡುದ್ರ ಹೊಟ್ಟಿ ಕರಗ್ತದಂತ."

ಡಬ್ಬಿ ಗ್ವಾಡಿ ದಾಟಿ ನನ್ನ ಕೈಗೆ ಬಂತು. ಕೀಟೋನ್ ಲವಣ. ಸೋಡಿಯಂ ಭರಪೂರ, ಅಣ್ಣಾವ್ರಿಗೋ ಬಿ.ಪಿ.!

"ವೈನಿ, ಹಿಟ್ಟು ಸಕ್ಕರಿ ಬಿಟ್ರ ಮೈ ತನ್ನ ಕೊಬ್ಬು ಸುಡ್ತದ, ಆವಾಗ ಲಿವರ್ ಕೀಟೋನ್ ಮಾಡ್ತದ. ಈ ಪುಡಿ ಹೊರಗಿಂದ ಕೀಟೋನ್ ತಂದು ಹಾಕ್ತದ, ಅಷ್ಟೇ. ಮಂದಿ ಹೊಲದ ತೊಗರಿ ನಮ್ಮ ಕಣದಾಗ ಸುರುವಿ, ಬೆಳಿ ಛಲೋ ಬಂತು ಅಂದಂಗ. ರಕ್ತ ತಪಾಸಿದ್ರ ಕೀಟೋನ್ ಕಾಣ್ತದ, ಹೊಟ್ಟಿ ಇದ್ದಲ್ಲೇ ಇರ್ತದ. ಜಾಸ್ತಿ ಕುಡುದ್ರ ಸಂಡಾಸಕ್ಕ ಓಡೋದು ಬ್ಯಾರೆ."

"ಹಂಗಂದ್ರ ಈ ಕೀಟೋ ಸುಳ್ಳೇನು?"

ಸುಳ್ಳಲ್ಲ. 1921ರಾಗ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರ್ ರಸೆಲ್ ವೈಲ್ಡರ್ ಫಿಟ್ಸ್ ರೋಗಿಗಳಿಗಂತ ಹೇಳಿದ ಪಥ್ಯ ಇದು. ಗುಳಿಗಿಗೆ ಬಗ್ಗದ ಫಿಟ್ಸ್ ಇರೋ ಮಕ್ಕಳಿಗೆ ಈಗಲೂ ತೂಕ ಮಾಡಿ ಕೊಡ್ತಾರ, ಡಾಕ್ಟರ್ ಕಣ್ಣೆದುರಿಗೆ. ಆದ್ರ ನಮ್ಮ ತಾಟಿಗೆ ಅದು ಒಗ್ಗಬೇಕಲ್ಲ? ದಿನಕ್ಕ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್, ಅದರ ಮ್ಯಾಲ ಇಲ್ಲ. 100 ಗ್ರಾಂ ಜೋಳದ ಹಿಟ್ಟಿನಾಗೇ ಹತ್ತಿರ ಹತ್ತಿರ 70 ಗ್ರಾಂ ಅದ. ಎರಡು ರೊಟ್ಟಿ ಮುರದ್ರ ದಿನದ ಲೆಕ್ಕ ಮುಗೀತು. ತೊಗರಿಬ್ಯಾಳಿ ಇನ್ನೂ ಗಡಿಗ್ಯಾಗೇ ಅದ! ನಿಲಂಗಾಕ್ಕ ಹೋದ್ರ ಮುಂಜಾನಿ ನಿಲಂಗಾ ರೈಸ್ ಬ್ಯಾಡ ಅನ್ನೋರು ಯಾರು? ಎಳ್ಳಮಾಸಿಗೆ ಉಮರ್ಗಾದ ಬೀಗರ ಹೊಲದಾಗ ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ ಮುಂದಿಟ್ಟಾಗ "ನಂದು ಕೀಟೋ" ಅಂದು ನೋಡ್ರಿ, ಬೀಗಸ್ತನಾನೇ ಕರಗ್ತದ.

"ನಮ್ಮ ಲಾತೂರಿನ ಡಾಕ್ಟರ್ ದೀಕ್ಷಿತರದು ಏನು ಮತ್ತ?"

"ಜಗನ್ನಾಥ ದೀಕ್ಷಿತರದು ಕೀಟೋ ಅಲ್ರೀ. ಡಾಕ್ಟರ್ ಶ್ರೀಕಾಂತ ಜಿಚಕಾರರು ಹೇಳಿದ್ದನ್ನ ಹಿಡದು ಊರೂರಿಗೆ ಮುಟ್ಟಿಸ್ಯಾರ: ದಿನಕ್ಕ ಎರಡೇ ಊಟ, ಒಂದೊಂದು 55 ನಿಮಿಷದಾಗ ಮುಗೀಬೇಕು. ನಡುವ ಸಕ್ಕರಿ ಚಹಾ, ಫರಾಳ ಬಂದ್."

"ರೊಟ್ಟಿ?"

"ನಡೀತದ."

ವೈನಿ ಮಾರಿ ಅರಳ್ತು. ನನಗೂ ಅದೇ ಛಲೋ ಕಾಣ್ತದ, ಊರಿನ ಹಿಟ್ಟಿನ ಜೋಡಿ ಜಗಳ ಇಲ್ಲ. ಆದ್ರೂ ಶುಗರ್ ಗುಳಿಗಿ, ಇನ್ಸುಲಿನ್ ಇದ್ದೋರು ಯಾವುದನ್ನೂ ಡಾಕ್ಟರ್‌ಗೆ ಕೇಳದೆ ಹಿಡೀಬಾರದು.

"ಹೌದು, ಈ ಡಬ್ಬಿಗೆ ಎಷ್ಟು ಕೊಟ್ಟಾನ್ರೀ?"

"ಯಾರಿಗೆ ಗೊತ್ತವ್ವಾ, ಚೀಟಿ ಹರದು ಕಳಿಸ್ಯಾನ."